ನೀಲಗಂಗವ್ವನ ಹೊಟ್ಟೆಪಟ್ಟಿ

ಹೊಕ್ಕುಳ ಕೆಳಗೆ ಅಂಟಿಸಿದ್ದ ಬೆರಳಗಲದ ಪಟ್ಟಿ ಬೆಳಗಾಗುತ್ತಲೇ ಸಣ್ಣಗೆ ಮಿಡಿಯಿತು. ಇರುವೆ ಹರಿದಂತಾಯಿತು, ಅಷ್ಟೆ. ನೀಲಗಂಗವ್ವ ಎದ್ದು ಕುಳಿತು, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡಳು. ಶಿವನೇ, ಇವತ್ತಾದರೂ ದಾರಿ ಬಿಡಿಸಪ್ಪ ಎಂದು ಬೇಡಿಕೊಂಡಳು.

ಅದು ಎರಡು ಸಾವಿರದ ಅರವತ್ತನೇ ಇಸವಿಯ ಆಸುಪಾಸು. ಬೈಲಹೊಂಗಲದಲ್ಲಿ ಖಾನಾವಳಿ ನಡೆಸುವ ಈ ಹೆಣ್ಣುಮಗಳಿಗೆ ಗಂಡ ತೀರಿದ ಮೇಲೆ ಮನಸ್ಸಿನ ಮೇಲೆ ಕಲ್ಲು ಬಿದ್ದಿತ್ತು. ರೊಟ್ಟಿ ಬಡಿಯುವ ಕೈ ನಡುವೆಯೇ ನಿಂತುಬಿಡುತ್ತಿತ್ತು. ಖಿನ್ನತೆಯ ಮಾತ್ರೆ ಆ ಕಲ್ಲನ್ನು ಸರಿಸಿತು ನಿಜ. ಅದರ ಹಿಂದೆಯೇ ಮಲಬದ್ಧತೆ ಬಂದು ಕೂತಿತು. ಆಕೆಗೋ ತಾಯಿಯಿಂದ ಬಂದ ಕಟ್ಟಳೆ: ಹೊಟ್ಟೆ ಖಾಲಿಯಾಗದೆ ಸ್ನಾನವಿಲ್ಲ, ಸ್ನಾನವಾಗದೆ ಲಿಂಗಪೂಜೆಯಿಲ್ಲ, ಪೂಜೆಯಾಗದೆ ಬಾಯಿಗೆ ಗುಟುಕು ನೀರೂ ಇಲ್ಲ. ನೀರಿಲ್ಲದೆ ಕರುಳು ಮತ್ತಷ್ಟು ಬಿಗಿಯುತ್ತಿತ್ತು. ಕೊನೆಗೆ ಪೂಜೆಯೇ ಹೆಚ್ಚೆಂದು, ಯಾರಿಗೂ ಹೇಳದೆ ಮಾತ್ರೆ ಬಿಟ್ಟಳು. ಕತ್ತಲೆ ಮರಳಿ ಬಂತು. ಒಂದು ಸಂಜೆ ನೆರೆಯವರು ಆಕೆಯನ್ನು ಬಾವಿಕಟ್ಟೆಯಿಂದ ಕೈಹಿಡಿದು ಕರೆತಂದರು.

ಆಮೇಲೆ, ಮಾತ್ರೆ ಬಿಟ್ಟ ಕಾರಣವನ್ನು ಕೆದಕಿ ಕೇಳಿ ಪಟ್ಟಿ ಕೊಟ್ಟವಳು ವಿಜ್ಞಾನಿ ಶಾಹಿದಾ ನದಾಫ. ಕರುಳಿಗೂ ತನ್ನದೇ ನರಜಾಲವಿದೆ. ಕೆಲವು ಮಾತ್ರೆಗಳು ಮನಸ್ಸಿಗೆ ಮದ್ದಾಗುತ್ತಲೇ ಆ ಜಾಲಕ್ಕೆ ಜೋಂಪು ಹತ್ತಿಸುತ್ತವೆ. ಪಟ್ಟಿ ಕರುಳಿನ ಚಲನೆಯನ್ನು ಆಲಿಸಿ, ಅದು ಸೋತಾಗ ಹಗುರವಾದ ವಿದ್ಯುತ್ ಮಿಡಿತ ಕೊಟ್ಟು ಎಬ್ಬಿಸುತ್ತದೆ ಎಂದು ಬಿಡಿಸಿ ಹೇಳಿ, ಮಾತ್ರೆಯನ್ನು ಮತ್ತೆ ಶುರು ಮಾಡಿಸಿದ್ದಳು.

ಪಟ್ಟಿ ಮಿಡಿದ ಆ ಬೆಳಗ್ಗೆ ಹೊಟ್ಟೆ ಗುಡುಗಿ ಸಲೀಸಾಯಿತು. ಬಿಸಿಲು ಅಂಗಳಕ್ಕಿಳಿಯುವ ಮೊದಲೇ ನೀಲಗಂಗವ್ವ ಮಿಂದು, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಕುಳಿತಿದ್ದಳು. ಮನಸ್ಸೂ ಹಗುರ, ಮೈಯೂ ಹಗುರ. ಗೆದ್ದೆ ಎನ್ನಿಸಿ ಕಣ್ಣು ತುಂಬಿ ಬಂತು.

ಮುಂದೊಂದು ದಿನ ಶಾಹಿದಾ ಊಟಕ್ಕೆ ಬಂದಳು. ಮಲಬದ್ಧತೆಯನ್ನು ಅಷ್ಟು ದಿನ ಡಾಕ್ಟರರಿಗೆ ಯಾಕೆ ಹೇಳಲಿಲ್ಲವೆಂದು ಕೇಳಿದಳು.

"ನಿದ್ದಿ ಬರ್ತೈತೇನು, ಮನಸ್ಸು ಹೆಂಗೈತಿ ಅಂತಷ್ಟ ಕೇಳತಿದ್ರು, ಅಕ್ಕಾರ. ದೊಡ್ಡ ಮನುಷ್ಯಾರ ಮುಂದ ನಾನಾಗೇ ಸಂಡಾಸದ ಮಾತು ಹೆಂಗ ತಗೀಲಿ?"

"ಅದನ್ನೊಂದು ಕೇಳಿದ್ರ ಎಷ್ಟೋ ಮಂದಿಗೆ ನನ್ನ ಪಟ್ಟಿನ ಬೇಕಾಗ್ತಿರಲಿಲ್ಲರಿ. ಬ್ಯಾರೆ ಗುಳಿಗಿ ಬರಕೊಡತಿದ್ರು. ಇಂಥಾ ಪಟ್ಟಿ ಇಲ್ಲದ ಮೂವತ್ತು ವರ್ಷದ ಹಿಂದನೂ ಕೇಳಬಹುದಿತ್ತು. ಕೇಳಾಕ ಯಂತ್ರ ಯಾಕ?"

"ಹಂಗಾದ್ರ ನಿಮ್ಮ ವ್ಯಾಪಾರ ಮುಳುಗಿಸ್ತೀನಿ, ತಡೀರಿ."

ನೀಲಗಂಗವ್ವ ರೊಟ್ಟಿಬುಟ್ಟಿ ಹಿಡಿದು ಮೂಲೆಯ ಮೇಜಿಗೆ ನಡೆದಳು. ಅಲ್ಲಿ ಹೊಸದಾಗಿ ಊರಿಗೆ ಬಂದ ಶಿಕ್ಷಕಿ ದಿನವೂ ಬಾಡಿದ ಮುಖದಲ್ಲಿ ಕೂತು, ಅದೇ ಬಗೆಯ ಮಾತ್ರೆ ನುಂಗಿ, ಊಟವನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು. ನೀಲಗಂಗವ್ವ ಪಕ್ಕದಲ್ಲೇ ಕೂತು, ದನಿ ತಗ್ಗಿಸಿದಳು.

"ಮಾತ್ರಿ ತಗೋತೀಯಲ್ಲ, ತಂಗಿ. ಹೊಟ್ಟಿ ಸರಾಗ ಆಗ್ತೈತಿ?"

ಶಿಕ್ಷಕಿ ಸುತ್ತ ಒಮ್ಮೆ ನೋಡಿದಳು. ಆಮೇಲೆ ತುತ್ತನ್ನು ತಟ್ಟೆಗಿಟ್ಟು, ಎಲ್ಲವನ್ನೂ ಹೇಳತೊಡಗಿದಳು.