ಕೈಗೆ ಬಿದ್ದ ಮೊದಲ ಬಿಸಿನೀರು

ಡಿಸೆಂಬರ್ ಹದಿನೆಂಟರ ಮುಂಜಾನೆ ಮಚ್ಛೇಂದ್ರ ಬೀದರ ಶಹರದ ಠಾಣೆಗೆ ಬಂದಾಗ ಅವನ ಮೈಮೇಲೆ ಸ್ವೆಟರ್ ಇರಲಿಲ್ಲ. ಈ ಊರ ಥಂಡಿಯಲ್ಲಿ ಸ್ವೆಟರ್ ಇಲ್ಲದೆ ಹೊರಬಿದ್ದವನೆಂದರೆ ಒಂದೋ ಪರವೂರವನು, ಇಲ್ಲಾ ಮನೆಯಲ್ಲಿ ಆಗಬಾರದ್ದು ಆಗಿದೆ. ಇನ್ಸ್‌ಪೆಕ್ಟರ್ ನಂದಕುಮಾರ ಕುರ್ಚಿ ಎಳೆದು ಕೂರಿಸಿದ.

“ನನ್ನ ಮಗಳು ವಿಶಾಖಾ ಹೋದ್ಳರಿ ಸಾಹೇಬ್ರ. ನಿನ್ನಿ ಸಂಜಿಗಿ ಮೈ ತೊಳಕೊಳ್ಳಾಕ ಹೋದಾಕಿ ಬಾತ್‌ರೂಮಿನಾಗೇ ಬಿದ್ದಳ.”

“ಯಾರ ಮ್ಯಾಲ ಸಂಶಯ?”

“ಗ್ಯಾಸ್ ಗೀಜರ್ ಕೂಡಿಸಿದ ಅಬ್ದುಲ ಅಜೀಜನ ಮ್ಯಾಲ. ಲೈಸನ್ಸ್ ಇದ್ದ ಪ್ಲಂಬರೇ ಬೇಕಂತ ಹುಡುಕಿ ಕರದಿದ್ದೆ. ಲೈಸನ್ಸ್ ನೋಡಿ ಮಗಳಿಗಿ ಕಳಕೊಂಡೆ.”

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ಆಯಿತು. ನಂದಕುಮಾರ, ಹೆಡ್ ಕಾನ್‌ಸ್ಟೇಬಲ್ ಬಸವೇಶ್ವರಿ, ಕಾನ್‌ಸ್ಟೇಬಲ್ ಸತೀಶಕುಮಾರ ಪಂಚರನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಬಾತ್‌ರೂಮಿನ ಬೆಳಕಿಂಡಿಗೆ ಹಳೆ ಸೀರೆ ತುರುಕಿತ್ತು. ಅದರಲ್ಲಿ ಆಶ್ಚರ್ಯವೇನಿಲ್ಲ, ಥಂಡಿ ಬಿತ್ತೆಂದರೆ ಬೀದರದಲ್ಲಿ ಮನೆ ಮನೆಗೂ ಅದೇ ಕೆಲಸ. ಹಾಗೆಂದೇ ಅಜೀಜ ಗೀಜರಿಗೆ ಬೇರೆ ಹೊಗೆ ಪೈಪು ಜೋಡಿಸಿ ಗೋಡೆ ಕೊರೆದು ಹೊರಗೆ ಬಿಟ್ಟಿದ್ದ. ಪಾರಿವಾಳ ಗೂಡು ಕಟ್ಟಬಾರದೆಂದು ಹೊರಬಾಯಿಗೆ ತಂತಿ ಜಾಳಗಿ ಬಡಿದಿದ್ದ. ಜಾಳಗಿ ನೆಟ್ಟಗಿತ್ತು, ಅದರ ಮೇಲೆ ಜೇಡರ ಬಲೆಯೂ ಇತ್ತು.

ಪೈಪು ಬಿಚ್ಚಿಸಿದರು. ಒಳಗೆ ಕೆಂಪಂಚಿನ ಕರಿ ಕಂಬಳಿಯ ತುಂಡೊಂದು ಬಿಗಿಯಾಗಿ ಕೂತಿತ್ತು, ಅಂಚು ಸೀದಿತ್ತು. ಹೊರಹೋಗಲಾಗದ ಗ್ಯಾಸಿನ ಹೊಗೆ ಬಾತ್‌ರೂಮಿನಲ್ಲೇ ತುಂಬಿಕೊಂಡಿತ್ತು.

“ಹೊರಗಿಂದ ತುರುಕಿಲ್ಲ. ಒಳಗ ಬಂದು, ಪೈಪು ಬಿಚ್ಚಿ, ತುರುಕಿ, ಮತ್ತ ಜೋಡಿಸ್ಯಾರ” ಅಂದ ನಂದಕುಮಾರ. “ಇದು ನಿರ್ಲಕ್ಷ್ಯ ಅಲ್ಲ, ಬೇಕಂತ ಮಾಡಿದ್ದು.”

ಪಂಚನಾಮೆಯಲ್ಲಿ ಕಂಬಳಿ ತುಂಡು ಸೇರಿತು. ಮೊದಲೇ ತಣ್ಣಗಿದ್ದ ಮನೆ ಇನ್ನಷ್ಟು ತಣ್ಣಗಾಯಿತು.

ಮಚ್ಛೇಂದ್ರನ ತಾಯಿ ಸುಭದ್ರಾಬಾಯಿ ಮೂಲೆಯಲ್ಲಿ ಕೌದಿ ಹೊದ್ದು ಕೂತಿದ್ದಳು. ಬಸವೇಶ್ವರಿ ಅವಳ ಪಕ್ಕ ಕೂತಳು.

“ಆಯಿ, ಗೀಜರ್ ಹತ್ರ ಯಾರರ ಬಂದಿದ್ರೇನ್ರಿ?”

“ಮೊನ್ನಿ ಮಧ್ಯಾಹ್ನ ಅಜೀಜ ಬಂದಿದ್ದನಲ್ಲ. ಥಂಡಿ ಬಿದ್ದದ, ಒಮ್ಮಿ ಸಾಫ್ ಮಾಡಬೇಕಂದ. ಮನ್ಯಾಗ ನಾ ಒಬ್ಬಾಕಿನೇ ಇದ್ದೆ.”

“ಮಾರಿ ನೋಡಿದಿರಿ?”

“ಕಣ್ಣಾಗ ಪೊರಿ ಬಂದದ, ಮಾರಿ ಎಲ್ಲಿ ಕಾಣಬೇಕವ್ವಾ! ಕಿವಿನೂ ಮಂದ. ಅವ ಮಂಕಿ ಟೋಪಿ ಬ್ಯಾರೆ ಹಾಕೊಂಡಿದ್ದ.”

“ಮತ್ತ ಅಜೀಜ ಅಂತ ಹ್ಯಾಂಗ ಗೊತ್ತಾತು?”

“ಕೆಲಸ ಮುಗಿಸಿ ‘ಅಮ್ಮಾ, ಕೈ ಚಾಚ್ರಿ’ ಅಂದು ಮೊದಲ ಬಿಸಿನೀರು ನನ್ನ ಕೈಮ್ಯಾಲ ಹಾಕಿದ. ಗೀಜರ್ ಕೂಡಿಸಿದ ದಿನಾನೂ ಹಂಗೇ ಹಾಕಿದ್ದ. ಮೊದಲ ನೀರು ಮನಿ ಹಿರೇರಿಗೇ ಅಂದಿದ್ದ. ಮತ್ಯಾವ ಪ್ಲಂಬರ ಹಂಗ ಮಾಡ್ತಾನ?”

ಮಧ್ಯಾಹ್ನವೇ ಅಜೀಜನನ್ನು ಠಾಣೆಗೆ ತಂದರು. ಐವತ್ತೈದು ದಾಟಿದ ಮನುಷ್ಯ, ನಟ್ಟು ತಿರುವುವ ಪಾನಾ ಹಿಡಿದೂ ಹಿಡಿದೂ ಬೆರಳು ಸೊಟ್ಟಗಾಗಿದ್ದವು.

“ಮೊನ್ನಿ ಮಚ್ಛೇಂದ್ರನ ಮನಿಗಿ ಯಾಕ ಹೋಗಿದ್ದಿ?”

“ನಾ ಹೋಗಿಲ್ರಿ ಸಾಬ್. ಔರಾದದಾಗ ಕೆಲಸ ಇತ್ತು.”

“ಸುಳ್ಳು ಹೇಳಬ್ಯಾಡ. ಮುದುಕಿ ಕೈಮ್ಯಾಲ ಬಿಸಿನೀರು ಹಾಕಿದಾಂವ ಯಾರು ಹಂಗಾರ?”

ಬಿಸಿನೀರಿನ ಮಾತು ಬಂದೊಡನೆ ಅಜೀಜ ತಲೆ ಎತ್ತಿದ. ಕೈ ಮೇಜಿನಂಚು ಹಿಡಿಯಿತು. ಹೇಳಿದ:

“ನಾನೇ ಹೋಗಿದ್ದೆರಿ. ನಾನೇ ಮಾಡೀನಿ. ಬರಕೋರಿ.”

ಸತೀಶಕುಮಾರನಿಗೆ ಖುಷಿಯೋ ಖುಷಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಆತ, ಆಗಲೇ ಪೆನ್ನು ತೆರೆದಿದ್ದ. ಬಸವೇಶ್ವರಿ ಅವನ ಕೈ ತಡೆದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಈತ ಕುಂಬಳಕಾಯಿಯನ್ನೇ ಬೇಡಿ ಹೆಗಲಿಗೆ ಹೊತ್ತುಕೊಳ್ಳುತ್ತಿದ್ದ.

“ಕಂಬಳಿ ತುಂಡು ಎಲ್ಲಿಂದ ತಂದಿ, ಚಾಚಾ?” ಅಂತ ಕೇಳಿದಳು.

“ಯಾವ ಕಂಬಳಿರಿ?” ಅಂದ ಅಜೀಜ.

ಅವಳೇ ಔರಾದಕ್ಕೆ ಹೋದಳು. ಅಜೀಜ ಕೆಲಸ ಮಾಡಿದ ಮನೆಯ ಮಾಲೀಕ ಮುನೀರೋದ್ದೀನ ಆಣೆ ಮಾಡಿ ಹೇಳಿದ, “ಮೊನ್ನಿ ಮುಂಜಾನಿಂದ ಸಂಜಿತನಕ ನಮ್ಮ ನೀರಿನ ಟಾಕಿ ಮ್ಯಾಲೇ ಇದ್ದಾರಿ. ಕೊನಿ ಬಸ್ಸು ತಪ್ಪಿತು, ಇಲ್ಲಿ ರೈಲು ಎಲ್ಲಿಂದ ಬರಬೇಕು? ನಮ್ಮಲ್ಲೇ ಮಲಗಿ ಮರುದಿನ ಹೋದಾರಿ.” ಓಣಿಯ ಇನ್ನಿಬ್ಬರೂ ಅದನ್ನೇ ಹೇಳಿದರು. ಅಂದಮೇಲೆ ಅಜೀಜ ಯಾರನ್ನೋ ಉಳಿಸುತ್ತಿದ್ದ.

ಮರುದಿನ ಅಜೀಜನ ಹೆಂಡತಿ ಶಮೀಮ ಬುತ್ತಿ ತಂದಾಗ ನಂದಕುಮಾರ ಸುಮ್ಮನೆ ಕೇಳಿದ:

“ಕೈಮ್ಯಾಲ ನೀರು ಹಾಕೋದು ನಿಮ್ಮ ಯಜಮಾನ್ರು ಮತ್ಯಾರಿಗರ ಕಲಿಸ್ಯಾರೇನ್ರಿ?”

“ಫೈಜಲ್‌ಗಿ ಬಿಟ್ರ ಮತ್ಯಾರಿಗಿರಿ? ನಮ್ಮ ಮನ್ಯಾಗೇ ರೊಟ್ಟಿ ತಿಂದು...”

“ಚುಪ್, ಶಮೀಮ!” ಒಳಗಿನಿಂದ ಅಜೀಜ ಕೂಗಿದ.

ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರೂ ಸಿಗದ ಉತ್ತರ ಆ ಒಂದು ಕೂಗಿನಲ್ಲಿ ಸಿಕ್ಕಿತು.

ಅಜೀಜನ ಕೈಕೆಳಗೆ ಕೆಲಸ ಕಲಿತ ಮೂವತ್ತೈದರ ಫೈಜಲ ಈಗ ಉಸ್ತಾದನನ್ನು ಬಿಟ್ಟು ಭಾಲ್ಕಿಯಲ್ಲಿ ಲೈಸನ್ಸ್ ಇಲ್ಲದೆ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದ. ಹಲಬರ್ಗಾ ರಸ್ತೆಯ ಒಂದು ಹೊಸ ಮನೆಯಲ್ಲಿ ನಳ ಕೂಡಿಸುತ್ತಿದ್ದಾನೆಂದು ಸುದ್ದಿ ಬಂತು. ಪೊಲೀಸರು ಸಾದಾ ಬಟ್ಟೆಯಲ್ಲಿ ಹೋಗಿ ಎದುರಿನ ಚಹಾದಂಗಡಿಯಲ್ಲಿ ಕೂತರು.

ಫೈಜಲ ಅಂಗಳದಲ್ಲಿ ಅರ್ಧ ಕಂಬಳಿ ಹಾಸಿ ಮೊಣಕಾಲೂರಿದ್ದ. ಕರಿ ಕಂಬಳಿ, ಕೆಂಪಂಚು. ಕೆಲಸ ಮುಗಿಸಿ ನಳ ತಿರುವಿದ, ನೀರು ಬಂತು. ಚೊಂಬು ತುಂಬಿಕೊಂಡು ಕಟ್ಟೆಯ ಮೇಲಿನ ಅಜ್ಜಿಯ ಕಡೆ ತಿರುಗಿದ.

“ಅಮ್ಮಾ, ಕೈ ಚಾಚ್ರಿ.”

ನಂದಕುಮಾರ ಚಹಾದ ಕಪ್ಪು ಇಟ್ಟು ಎದ್ದ. ಫೈಜಲ ಓಡಲಿಲ್ಲ. ಪಂಚರ ಮುಂದೆ ಎರಡು ತುಂಡನ್ನೂ ಕೂಡಿಸಿ ನೋಡಿದರೆ ಹರಿದ ಅಂಚಿಗೆ ಅಂಚು ಸೇರಿತು. ಎಫ್‌ಐಆರ್‌ನ ಕಲಂ ಬದಲಾಯಿತು, ಬಂಧನವಾಯಿತು.

“ಹುಡುಗಿ ನಿನಗೇನು ಮಾಡಿದ್ಲು?”

“ಏನೂ ಮಾಡಿಲ್ರಿ. ಯಾರೋ ಚಕ್ಕರ್ ಬಂದು ಬೀಳ್ತಾರ, ಉಸ್ತಾದನ ಲೈಸನ್ಸ್ ಹೋಗ್ತದ, ಅಷ್ಟೇ ಅಂದಿದ್ದೆರಿ. ಎಷ್ಟು ವರ್ಷ ಅವ್ರ ಹಿಂದ ಪಾನಾ ಹೊತ್ತೆ. ಲೈಸನ್ಸಿಗಿ ಉಸ್ತಾದನ ಸಹಿ ಬೇಕಿತ್ತು. ಕೇಳಿದಾಗೊಮ್ಮೆ ‘ಇನ್ನೂ ಕೈ ಪಕ್ಕಾ ಆಗಿಲ್ಲ’ ಅಂತಿದ್ರು.”

“ಅಂಥಾ ಕೆಲಸಕ್ಕ ಹೋದಾಂವ ಮುದುಕಿ ಕೈಮ್ಯಾಲ ನೀರು ಯಾಕ ಹಾಕಿದಿ?”

ಫೈಜಲನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಕೆಲಸ ಮುಗಿದ ಮ್ಯಾಲ ಹಾಕಲೇಬೇಕಲ್ರಿ?” ಅಂದ. ಉಸ್ತಾದ ತಪ್ಪು ತನ್ನ ಮೇಲೆ ಹಾಕಿಕೊಂಡಿದ್ದ ಎಂದು ಬಸವೇಶ್ವರಿ ಹೇಳಿದಾಗ ಮಾತ್ರ ಗೋಡೆಗೆ ಹಣೆಯಿಟ್ಟು ಅಳತೊಡಗಿದ.

ಸುಳ್ಳು ಹೇಳಿಕೆಗೆ ಎಚ್ಚರಿಕೆ ಕೊಟ್ಟು ಅಜೀಜನನ್ನು ಬಿಟ್ಟರು. ಹೊಸ್ತಿಲಲ್ಲಿ ನಿಂತು ಅವನು ಹೇಳಿದ:

“ಅವನ ಕೈ ಯಾವಾಗೋ ಪಕ್ಕಾ ಆಗಿತ್ತರಿ ಸಾಬ್. ಸಹಿ ಮಾಡಿದ್ರ ಬಿಟ್ಟು ಹೋಗ್ತಾನಂತ ಅಂಜಿದ್ದೆ.”

ಹೇಳಿಕೆ ತಿದ್ದಿಸಿ ಹೆಬ್ಬೆಟ್ಟು ಪಡೆಯಲು ಬಸವೇಶ್ವರಿ ಮತ್ತೆ ಸುಭದ್ರಾಬಾಯಿಯ ಹತ್ತಿರ ಹೋದಳು. ಬಂದವನು ಅಜೀಜನಲ್ಲ ಎಂದು ಕಿವಿಯಲ್ಲಿ ಜೋರಾಗಿ ಹೇಳಿದಳು. ಮುದುಕಿ ತನ್ನ ಎರಡೂ ಕೈ ಕೌದಿಯೊಳಗೆ ಎಳೆದುಕೊಂಡಳು.

“ಯಾರರ ಇರಲಿ, ನೀರು ಖರೇನೇ ಬೆಚ್ಚಗಿದ್ದವು ತಂಗಿ. ಅದಕ್ಕೇ ನಾನೇ ಅಂದೆ ವಿಶಾಖಾಗ, ನೀರು ಚಲೋ ಕಾಯ್ತಾವ, ಹೋಗು, ಮೈ ತೊಳಕೊಂಡು ಬಾ ಅಂತ.”