ಅಜ್ಜಿ ಬಿಟ್ಟ ಪೇದೆ

ಚೆಸ್ ಬೋರ್ಡಿನ ಮೇಲೆ ದಿಲೀಪ್ ತನ್ನ ಪೇದೆಯನ್ನು ತಂದು ಸೀದಾ ಅರ್ಪಿತಳ ಪೇದೆಯ ಬಾಯಿಗೇ ಇಟ್ಟ. ಅದನ್ನು ಕಾಯಲು ಹಿಂದೆ ಯಾರೂ ಇರಲಿಲ್ಲ.

ಅರ್ಪಿತ ಬಿಡುತ್ತಾಳೆಯೇ? ಟಪ್ಪನೆ ಹೊಡೆದಳು. ಪಾಪ, ಇವನೂ ನಮ್ಮ ಅಣ್ಣಮ್ಮಜ್ಜಿಯ ಹಾಗೇ ಎಂದು ಒಳಗೊಳಗೇ ನಕ್ಕಳು.

ಪಾಂಡವಪುರದ ಶಾಲೆಯೊಂದರ ಹಾಲ್‌ನಲ್ಲಿ ಚೆಸ್ ಟೂರ್ನಮೆಂಟ್ ನಡೆಯುತ್ತಿತ್ತು. ಈ ಆಟ ಗೆದ್ದರೆ ಅರ್ಪಿತ ಫೈನಲ್‌ಗೆ. ಸಿಂಧಘಟ್ಟದಿಂದ ಜೊತೆಗೆ ಬಂದಿದ್ದ ಅಜ್ಜಿ ಟಿಫಿನ್ ಬಾಕ್ಸ್ ಹಿಡಿದು ಹೊರಗೆ ಕೂತಿದ್ದಳು.

ಅರ್ಪಿತಳಿಗೆ ಚೆಸ್ ಕಲಿಸಿದ್ದೇ ಅಜ್ಜಿ. ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ದಿನಾ ಒಂದು ಆಟ. ಯಾವುದಾದರೂ ಪೇದೆಯನ್ನು ಹೊಡೆತಕ್ಕೆ ಸಿಗುವಂತೆ ಬಿಟ್ಟು, ಅಜ್ಜಿ ಕೊಟ್ಟಿಗೆ ಕಡೆ ನೋಡುತ್ತಾ ಕೂರುತ್ತಾಳೆ. ಅರ್ಪಿತ ಹೊಡೆಯುತ್ತಾಳೆ, ಗೆಲ್ಲುತ್ತಾಳೆ. ದೊಡ್ಡವರನ್ನೇ ಸೋಲಿಸುತ್ತೇನೆಂದು ಸ್ಕೂಲೆಲ್ಲ ಹೇಳಿಕೊಂಡೂ ಬಂದಿದ್ದಳು.

ಆದರೆ ದಿಲೀಪ್ ಸೋಲಲಿಲ್ಲ. ಹೊಡೆದು ಕೂತ ಪೇದೆಯನ್ನು ಉಳಿಸಿಕೊಳ್ಳಲು ಅರ್ಪಿತ ಒದ್ದಾಡುತ್ತಿದ್ದಾಗ, ಅವನ ಕುದುರೆ ಬಂತು, ಒಂಟೆ ಬಂತು. ಕೊನೆಗೆ ರಾಣಿ ಅರ್ಪಿತಳ ರಾಜನ ಪಕ್ಕದಲ್ಲೇ ಬಂದು ಕೂತಳು.

"ಚೆಕ್‌ಮೇಟ್," ಎಂದ ದಿಲೀಪ್.

ಅರ್ಪಿತಳ ಮುಖ ಸಣ್ಣದಾಯಿತು. "ಆ ಪೇದೆನ ನೀನು ನೋಡ್ದೆ ಬುಟ್ಬುಟ್ಟೆ ಅಂದ್ಕಂಡೆ."

"ಇಲ್ಲ, ಬೇಕೂಂತ್ಲೇ ಕೊಟ್ಟಿದ್ದು. ಗ್ಯಾಂಬಿಟ್ ಅಂತಾರೆ. ಚೆಸ್ ಗೊತ್ತಿರೋರು ಸುಮ್‌ಸುಮ್ನೆ ಬುಡ್ತಾರಾ?"

ಹೊರಗೆ ಅಜ್ಜಿ ಮೊಮ್ಮಗಳ ಮುಖ ನೋಡಿ ಬಾಕ್ಸ್ ತೆಗೆದಳು. "ಚಿತ್ರಾನ್ನ ಆರೋಯ್ತದೆ, ಉಣ್ಣವ್ವ."

ಅರ್ಪಿತ ಮೂಗು ಒರೆಸಿಕೊಂಡು ಉಂಡಳು. ಉಣ್ಣುತ್ತಾ ಅಜ್ಜಿಯನ್ನೇ ನೋಡಿದಳು. ಅಜ್ಜಿಗೂ ಚೆಸ್ ಗೊತ್ತಿದೆಯಲ್ಲ!

ಸಂಜೆ ಮನೆಯಲ್ಲಿ ಮತ್ತೆ ಆಟ ಹೂಡಿದರು. ಸ್ವಲ್ಪ ಹೊತ್ತಿಗೆ ಅಜ್ಜಿ ಒಂದು ಪೇದೆಯನ್ನು ಹೊಡೆತಕ್ಕೆ ಸಿಗುವಂತೆ ಇಟ್ಟು, ಕೊಟ್ಟಿಗೆ ಕಡೆ ತಿರುಗಿದಳು.

"ಅಜ್ಜಿ, ಇದ್ನ ಬೇಕೂಂತ್ಲೇ ಬುಟ್ಟಿದ್ದೀಯ ಅಲ್ವಾ?"

"ನಂಗೆಲ್ಲವ್ವ ಅಷ್ಟೊಂದು ಬುದ್ಧಿ? ಕಣ್ಣು ಮಂಜು ಕಣವ್ವ."

ಬೆಳಿಗ್ಗೆ ಬಸ್ಸಿನ್ನೂ ದೂರದ ತಿರುವಿನಲ್ಲಿದ್ದಾಗಲೇ ಬೋರ್ಡು ಓದಿದ ಕಣ್ಣು ಅದು. ಅರ್ಪಿತಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಜ್ಜಿಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಅವಳು ಆ ಪೇದೆಯನ್ನು ಮುಟ್ಟಲಿಲ್ಲ. ತನ್ನದೊಂದು ಪೇದೆಯನ್ನು ತಳ್ಳಿ, ಅಜ್ಜಿಯ ಕುದುರೆ ಹೊಡೆಯುವ ಮನೆಯಲ್ಲಿ ಇಟ್ಟಳು. ಆಮೇಲೆ ತಾನೂ ಕೊಟ್ಟಿಗೆ ಕಡೆ ನೋಡುತ್ತಾ ಕೂತಳು.