ಅರವತ್ತು ಮಂದಿ, ಒಂದು ಕೊಳಲು

ಅವಳದೊಂದು ಕಟ್ಟುನಿಟ್ಟು. ಸಿನಿಮಾದ ಸಂಗೀತವನ್ನು ಕೇಳಿ ಅಭಿಪ್ರಾಯ ಹೇಳಲು ಯಾರೇ ಕರೆದರೂ, ವರದಿ ಬರೆದು ಮುಗಿಸುವ ತನಕ ಸಂಯೋಜಕರ ಹೆಸರು ಹೇಳಕೂಡದು. ಹೆಸರು ಕಿವಿಗೆ ಬಿದ್ದರೆ ಸಂಗೀತ ಬೀಳುವುದಿಲ್ಲ ಎನ್ನುತ್ತಿದ್ದಳು.

"ಚೆನ್ನಾಗಿದ್ರೆ ಚೆನ್ನಾಗಿದೆ ಅನ್ನು ತಾಯಿ," ಎಂದರು ನಿರ್ಮಾಪಕಿ, ಹೆಡ್‌ಫೋನ್ ಕೈಗಿಡುತ್ತ. "ಇಲ್ಲಾಂದ್ರೆ ಮುಲಾಜಿಲ್ಲದೆ ಬರಿ. ಎಲ್ಲಾ ಕಿತ್ತುಹಾಕಿ ಬೇರೆಯವರ ಕೈಲಿ ಮಾಡಿಸ್ತೀನಿ."

ಗುಡ್ಡದ ಹುಡುಗಿಯೊಬ್ಬಳು ಮರಳುಸೀಮೆಯ ಮನೆ ಸೇರುವ ಕಥೆಯಂತೆ. ಅದಕ್ಕೆ ಅರವತ್ತು ಮಂದಿಯ ವಾದ್ಯವೃಂದ, ಮರಳುಸೀಮೆಯ ತಮಟೆಗಳು, ಗುಡ್ಡದ ಕುರಿಗಾಹಿಯ ಕೊಳಲು. ಅವಳು ಪೆನ್ಸಿಲ್ ಹಿಡಿದು ಕಣ್ಣು ಮುಚ್ಚಿದಳು. ತಮಟೆಯೂ ದೊಡ್ಡ ಪಿಟೀಲಿನಂಥ ಚೆಲ್ಲೋವೂ ಅಕ್ಕಪಕ್ಕದ ಮನೆಯವರ ಹಾಗೆ ಗೋಡೆಯ ಮೇಲಿಂದ ಮಾತಾಡಿಕೊಳ್ಳುತ್ತಿದ್ದವು. ಭೇಷ್ ಎಂದುಕೊಂಡಳು.

ಮೂವತ್ತೊಂದನೇ ನಿಮಿಷದಲ್ಲಿ ಇಡೀ ವಾದ್ಯವೃಂದ ಉಸಿರು ಬಿಗಿಹಿಡಿಯಿತು. ಒಂದು, ಎರಡು, ಮೂರು. ಆಮೇಲೆ ಮೆಲ್ಲಗೆ ಚೆಲ್ಲೋ.

ಅವಳ ಪೆನ್ಸಿಲ್ ನಿಂತಿತು.

ಬಾಯಿ ತೆರೆಯುವ ಮುಂಚೆ ಹೀಗೆ ಮೂರು ಎಣಿಸುವಷ್ಟು ತಡೆಯುತ್ತಿದ್ದವನು ಅವಳಿಗೆ ಗೊತ್ತಿದ್ದದ್ದು ಒಬ್ಬನೇ. 'ಮೂರೆಣಿಕೆ' ಎಂದು ಅವಳೇ ಹೆಸರಿಟ್ಟು ರೇಗಿಸುತ್ತಿದ್ದಳು. ಆರು ವರ್ಷದ ಹಿಂದೆ, ಮದುವೆಯ ಮಾತು ಬಂದಾಗ, "ನೀನು ನಮ್ಮನೇಗೆ ಹೊಂದ್ಕೊಂಡ್ರೆ ಎಲ್ಲಾ ಸರಿಹೋಗುತ್ತೆ" ಎಂದಿದ್ದ. "ಅಮ್ಮನ್ನ ಒಬ್ಬಳನ್ನೇ ಬಿಟ್ಟು ಬರೋಕಾಗಲ್ಲ. ಹೊಂದ್ಕೊಳ್ಳೋದು ನಾನೊಬ್ಬಳೇನಾ?" ಎಂದು ಕೇಳಿದ್ದಳು. ಅವನು ಮೂರೆಣಿಸಿದ, ಹತ್ತೆಣಿಸಿದ, ಉತ್ತರ ಕೊಡಲೇ ಇಲ್ಲ. ಅವಳು ಎದ್ದು ಬಂದಿದ್ದಳು.

ಈಗ ಅವನ ಎರಡು ವರ್ಷದ ದುಡಿಮೆ ಅವಳ ಒಂದು ಹಾಳೆಯ ಮೇಲಿತ್ತು. ಚೆನ್ನಾಗಿದೆ ಎಂದು ಬರೆದು ಹೊರಟುಬಿಡಬಹುದಿತ್ತು. ಅಷ್ಟರಲ್ಲಿ ಕೊಳಲು ಬಂತು. ಕಥೆಯ ಹುಡುಗಿ ಗುಡ್ಡ ಇಳಿಯುವ ಜಾಗ. ನುಣುಪಾಗಿ, ಇಸ್ತ್ರಿ ಹಾಕಿದಂತೆ ಬಂತು. ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ.

ಬರೆದಳು: 'ಕೊಳಲನ್ನು ಕಂಪ್ಯೂಟರಿನಲ್ಲಿ ತಿದ್ದಿ ವಾದ್ಯವೃಂದದ ಶ್ರುತಿಗೆ ಎಳೆದಿದ್ದಾರೆ. ಉಳಿದದ್ದೆಲ್ಲ ಅಪರೂಪದ ಕೆಲಸ. ಆದರೆ ಇಲ್ಲಿ ಗುಡ್ಡವೇ ಇಲ್ಲ. ಹೀಗೆಯೇ ಹೋಗಕೂಡದು.'

ಹಾಳೆ ಕೊಡುತ್ತ ಹೇಳಿದಳು, "ಇವರು ಯಾರು ಅಂತ ನಂಗೆ ಗೊತ್ತಾಗಿಹೋಯ್ತು ಮೇಡಂ. ಬೇಕಿದ್ರೆ ಇನ್ನೊಬ್ಬರ ಕೈಲೂ ಕೇಳಿಸಿ."

ನಿರ್ಮಾಪಕಿ ಓದಿದರು, ಅವಳ ಮುಖ ನೋಡಿದರು, ಬಾಗಿಲು ತೆರೆದರು. "ಬಾರಪ್ಪ ಒಳಗೆ. ನೀನೇ ಕೇಳಿಸ್ಕೋ."

ಅವನ ಕಿವಿಯ ಮೇಲೆ ನರೆ ಬಂದಿತ್ತು. ಅಂಗಿಯ ಗುಂಡಿ ಈಗಲೂ ಒಂದು ಮನೆ ತಪ್ಪಿಯೇ ಇತ್ತು. ಅವಳ ಕಣ್ಣು ಅಲ್ಲಿಗೆ ಹೋದದ್ದು ಕಂಡು ಅವನ ಕೈಯೂ ಅಲ್ಲಿಗೇ ಹೋಯಿತು. ಇಬ್ಬರೂ ನಗಲಿಲ್ಲ.

ಹಾಳೆ ಓದಿ, ಮೂರೆಣಿಸಿ, ಅವನೆಂದ: "ಆ ಕುರಿಗಾಹಿ ತಾತನ ಕೊಳಲು ಕಾಲು ಸ್ವರ ಕೆಳಗಿತ್ತು. ಈ ಕಡೆ ಅರವತ್ತು ಜನ, ಆ ಕಡೆ ಅವರೊಬ್ಬರು. ಏನ್ ಮಾಡ್ಲಿ?"

"ಪಿಟೀಲಿಗೆ ಬಿರಡೆ ಇದೆ, ತಿರುಗಿಸಿ ಶ್ರುತಿ ಇಳಿಸಬಹುದು. ತಾತನ ಹತ್ರ ಬರೀ ಬಿದಿರಿದೆ. ತಿರುಗಿಸೋಕೆ ಆಗೋರು ತಾನೇ ತಿರುಗಿಸ್ಬೇಕು?"

ಅವನು ತಲೆ ಎತ್ತಿ ಅವಳನ್ನೇ ನೋಡಿದ. ಆ ನೋಟದಲ್ಲಿ ಕೊಳಲಿಗಿಂತ ಹಳೆಯದೊಂದು ಇತ್ತು. ಅವಳು ಪೆನ್ಸಿಲ್ ಚೀಲಕ್ಕೆ ಹಾಕಿಕೊಂಡಳು.

"ಮತ್ತೆ ರೆಕಾರ್ಡ್ ಮಾಡೋಕೆ ಒಂದು ಬೆಳಗ್ಗೆ ಕೊಡ್ತೀನಿ," ಎಂದರು ನಿರ್ಮಾಪಕಿ. "ಅಷ್ಟೇ. ನೀನೂ ಬಾಮ್ಮ, ಕೇಳಿ ಹೇಳು."

ಆ ಬೆಳಗ್ಗೆ ಸ್ಟುಡಿಯೋದಲ್ಲಿ ವಾದ್ಯವೃಂದದ ನಡುವೆ ಬೇರೆಯಾಗಿ ಒಂದು ಕುರ್ಚಿ ಹಾಕಿತ್ತು. ಕೊಳಲಿನ ತಾತ ಅದರ ತುದಿಯಲ್ಲಿ ಮುದುಡಿ ಕೂತಿದ್ದರು. "ನನ್ನೊಬ್ಬನಿಂದ ಇಷ್ಟು ಜನಕ್ಕೆ ತೊಂದರೆ ಆಯ್ತಲ್ಲಪ್ಪಾ."

"ನೀವು ಊದಿ ತಾತ," ಎಂದಳು ಮೊದಲ ಸಾಲಿನ ಪಿಟೀಲಿನಾಕೆ. "ನಾವೇ ಬರ್ತೀವಿ."

ತಾತ ಒಂದು ಸ್ವರ ಊದಿದರು. ಪಿಟೀಲು, ಚೆಲ್ಲೋಗಳ ಬಿರಡೆಗಳು ಕಿರ್ರೆಂದವು. ಕಹಳೆಯವರು ಕೊಳವೆ ಎಳೆದು ಉದ್ದ ಮಾಡಿಕೊಂಡರು. ಶಹನಾಯಿಯಂಥ ಓಬೋದವರದು ಅಷ್ಟು ಇಳಿಯುವುದಿಲ್ಲ. ಅವರು ವಾದ್ಯ ತೊಡೆಯ ಮೇಲಿಟ್ಟು ಕೈಕಟ್ಟಿ ಕೂತರು. ಉಳಿದವರೆಲ್ಲ ಒಬ್ಬೊಬ್ಬರಾಗಿ ಇಳಿದು ಬಂದು ಆ ಬಿದಿರಿನ ಪಕ್ಕ ನಿಂತ ಹಾಗಾಯಿತು.

ಕೊಳಲು ಶುರುವಾದಾಗ ಸ್ಟುಡಿಯೋದ ಗಾಜಿನಾಚೆ ಕೂತಿದ್ದ ಅವಳಿಗೆ ಗುಡ್ಡ ಕಂಡಿತು, ಇಳಿಯುವ ಹುಡುಗಿ ಕಂಡಳು. ಕೆನ್ನೆ ಒರೆಸಿಕೊಂಡು ವರದಿಯಲ್ಲಿ ಒಂದೇ ಸಾಲು ಬರೆದಳು: 'ಇದು ಹೀಗೆಯೇ ಹೋಗಲಿ.'

ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವನು ಬಂದು ಎದುರಿಗೆ ನಿಂತ. ಅವಳು ಮನಸ್ಸಿನಲ್ಲೇ ಎಣಿಸಿದಳು. ಮೂರು ದಾಟಿತು.

"ಈ ಸಲ ಎಷ್ಟೆಣಿಸ್ತೀಯ ಮಾರಾಯ?"

"ಆರು ವರ್ಷ ಎಣಿಸಿದ್ದಾಯ್ತು." ಅವನೆಂದ. "ಅವತ್ತು ತಿರುಗಿಸೋಕೆ ಆಗ್ತಿದ್ದೋನು ನಾನು. ತಿರುಗಿಸ್ಲಿಲ್ಲ. ನಿಮ್ಮನೇಲಿ, ಅಮ್ಮನ ಪಕ್ಕದ ಕೋಣೆ... ಇನ್ನೂ ಖಾಲಿ ಇದ್ಯಾ? ನನ್ನ ಪಿಯಾನೋ ಹಿಡಿಸುತ್ತಾ ಅಲ್ಲಿ?"

"ಹಿಡಿಸಲ್ಲ. ಬಾಗಿಲು ಸಣ್ಣದು."

"ಪಿಯಾನೋ ಇಲ್ಲೇ ಇರ್ಲಿ ಬಿಡು. ನಾನು ಹಿಡಿಸ್ತೀನಾ?"

ಈ ಸಲ ತಡೆದವಳು ಅವಳು. ಒಂದು, ಎರಡು.

ಮೂರಕ್ಕೆ ಕಾಯಲಿಲ್ಲ. ಕೈ ಚಾಚಿ, ಅವನ ಅಂಗಿಯ ತಪ್ಪಿದ ಗುಂಡಿಯನ್ನು ಬಿಚ್ಚಿ ಅದರ ಮನೆಗೆ ಸೇರಿಸಿದಳು.